ಮೀನುಪೇಟೆಯ ಬಿಳಿ ಗೋಡೆ

ಬಾರ್ರಾ ದೊ ಸಿರಿ, ಬಯಿಯಾ
ಮಾರ್ಚ್ 11, 1996

ಅಪ್ಪ, ಆಶೀರ್ವಾದ ಮಾಡಿ.

ಪತ್ರದ ಜೊತೆಗಿರುವ ಪೊಟ್ಟಣವನ್ನು ನೀವೇ ಬಿಚ್ಚಿ. ಜುಲ್ಮಿರಾ ಅತ್ತೆಯ ಕೈಗೆ ಕೊಟ್ಟರೆ ಅವರು ಅದನ್ನು ಮೇಜಿನ ಮೇಲೆ ದೊಪ್ಪನೆ ಹಾಕುತ್ತಾರೆ. ಒಳಗಿರುವುದು ಒಂದು ಬಿಳಿ ಟೈಲ್ಸ್. ನನ್ನ ಭಟ್ಟಿಯಲ್ಲಿ ಬೆಂದದ್ದು.

ಹೌದು, ನನ್ನ ಭಟ್ಟಿ. ಕಳೆದ ವಾರ ಕಾರ್ಖಾನೆಯ ಯಜಮಾನರಾದ ಎವಾಲ್ದೊ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, "ಇವತ್ತಿಂದ ಭಟ್ಟಿ ಮರಿಲ್ದಾಳ ಕೈಲಿ," ಎಂದರು. ಹಿಂದಿನ ಸಾಲಿನಿಂದ ಯಾರೋ, "ಹೆಂಗಸಿನ ಕೈಲಿ ಅನ್ನ ಬೇಯುತ್ತೆ ಯಜಮಾನ್ರೇ, ಟೈಲ್ಸು ಬೇಯುತ್ತಾ?" ಎಂದು ನಗಾಡಿದರು. "ನಿಮ್ಮನೇಲಿ ಅನ್ನ ಸೀಯೋದು ಊರಿಗೆಲ್ಲಾ ಗೊತ್ತು," ಎಂದೆ. ಈ ಸಲ ಎಲ್ಲರೂ ನಕ್ಕರು. ಆಮೇಲೆ ಕೆಲಸ ಶುರುವಾಯಿತು.

ನೀವು ಕಳೆದ ಜುಲೈಯ ಒಂದು ಭಾನುವಾರ ಊಟದ ಮೇಜಿನಲ್ಲಿ ಏನು ಹೇಳಿದಿರೋ ಅದು ನನಗೆ ನೆನಪಿದೆ. "ಅರ್ಧ ಗಂಟೆಯಲ್ಲಿ ಬೇಯೋದು ಬಿಸ್ಕತ್ತು ಕಣೇ, ಟೈಲ್ಸ್ ಅಲ್ಲ. ಹೋಗು, ಬಿಸ್ಕತ್ತು ಸುಡು." ಅದಕ್ಕೆ ಉತ್ತರ ಕೊಡಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಸುರಂಗದ ಭಟ್ಟಿಯಲ್ಲಿ ಗಾಡಿಗಳು ಒಂದು ಹಗಲು ಒಂದು ರಾತ್ರಿ ತೆವಳುತ್ತವೆ. ಇಲ್ಲಿ ಟೈಲ್ಸ್‌ಗಳು ಉರುಳೆಗಳ ಮೇಲೆ ಒಂದರ ಹಿಂದೊಂದು ಹರಿದು ಬರುತ್ತವೆ. ಬೆಂಕಿ ಒಂದೇ. ಅದನ್ನು ನಡೆಸುವ ಬಗೆ ಬೇರೆ, ಅಷ್ಟೆ.

ಊರು ಚಿಕ್ಕದು. ಸಮುದ್ರ ಕಾರ್ಖಾನೆಯ ಗೇಟಿನಿಂದಲೇ ಕಾಣುತ್ತದೆ. ಗಾಳಿಯಲ್ಲಿ ಯಾವಾಗಲೂ ಉಪ್ಪು. ಒಣಹಾಕಿದ ಬಟ್ಟೆ ಎರಡು ದಿನವಾದರೂ ತೇವ ಬಿಡುವುದಿಲ್ಲ. ನಾನು ಚೆನ್ನಾಗಿದ್ದೇನೆ.

ನಿಮ್ಮ ಅಭಿಪ್ರಾಯ ಕೇಳುತ್ತಿಲ್ಲ. ನೀವು ನೋಡಲಿ ಎಂದು ಕಳಿಸಿದ್ದೇನೆ.

ನಿಮ್ಮ ಮಗಳು,
ಮರಿಲ್ದಾ


ಸಾಂತಾ ಜೆರ್ತ್ರೂದಿಸ್
ಏಪ್ರಿಲ್ 2, 1996

ಮರಿಲ್ದಾ,

ಪೊಟ್ಟಣ ತಲುಪಿತು. ಟೈಲ್ಸ್ ಮುರಿದೆ.

ಮುರಿಯುವ ಮೊದಲು ನೋಡಿದ್ದನ್ನು ಹೇಳುತ್ತೇನೆ. ಮೂಲೆಗಳು ನೇರವಾಗಿವೆ. ಬಿಳುಪು ಸಮನಾಗಿದೆ. ಕಿಟಕಿಯ ಬೆಳಕಿಗೆ ಅಡ್ಡ ಹಿಡಿದರೆ ಲೇಪ ಕರಗಿ ಆದ ಗಾಜಿನ ಮೇಲೆ ಅಲೆಯಿಲ್ಲ. ಮೇಲ್ಮೈಯ ಮಾತು ಇಷ್ಟು.

ಮುರಿದ ಅಂಚಿನಲ್ಲಿ, ಕೆಂಪು ಮಣ್ಣಿನ ನಡುವೆ, ಬೂದು ಬಣ್ಣದ ಒಂದು ಗೆರೆಯಿದೆ. ನಮ್ಮಲ್ಲಿ ಅದನ್ನು ಕಪ್ಪು ಹೃದಯ ಎನ್ನುತ್ತಾರೆ ಎಂದು ನಿನಗೆ ಗೊತ್ತು. ಮಣ್ಣಿನಲ್ಲಿ ಹಳೆಯ ಬೇರು, ಕೊಳೆತ ಎಲೆ ಇದ್ದೇ ಇರುತ್ತವೆ. ಅವು ಉರಿದು ಹೊರಗೆ ಹೋಗಲು ದಾರಿ ಬೇಕು, ಸಮಯವೂ ಬೇಕು. ನೀನು ಪ್ರೆಸ್ಸಿನಲ್ಲಿ ಮಣ್ಣಿನ ಪುಡಿಯನ್ನು ವಿಪರೀತ ಬಿಗಿಯಾಗಿ ಒತ್ತಿ ದಾರಿ ಮುಚ್ಚಿದ್ದೀಯ. ಭಟ್ಟಿಯ ಬಾಯಿಯಲ್ಲೇ ಶಾಖ ಏರಿಸಿ ಸಮಯ ಕಿತ್ತುಕೊಂಡಿದ್ದೀಯ. ಈಗ ಅದು ಒಳಗೇ ಕೂತಿದೆ. ಇಂಥ ಟೈಲ್ಸ್ ಇವತ್ತು ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಬಲ ಮಾತ್ರ ಇರುವುದಿಲ್ಲ.

ಇಲ್ಲಿ ಮಳೆ ನಿಂತಿದೆ. ಅಂಗಳಗಳಲ್ಲಿ ಮಣ್ಣು ಒಣಹಾಕಿದ್ದಾರೆ, ಊರೆಲ್ಲ ಕೆಂಪು ದೂಳು.

ಒಲಿಂಪಿಯೊ ಜಾನೋನಿ

ಪುಟ್ಟೀ, ನಾನು ಜುಲ್ಮಿರಾ ಅತ್ತೆ. ನಿಮ್ಮಪ್ಪ ಲಕೋಟೆ ಅಂಟಿಸೋಕೆ ಮುಂಚೆ ಇಸ್ಕೊಂಡು ಬರೀತಿದೀನಿ. ಮಗಳಿಗೆ ಬರೆದ ಕಾಗದಕ್ಕೆ ಬ್ಯಾಂಕಿಗೆ ಹಾಕೋ ಹಾಗೆ ಪೂರ್ತಿ ಹೆಸರು ಸಹಿ ಹಾಕಿದಾನೆ, ನೋಡು ಅವನ ಕೊಬ್ಬು! ಆಶೀರ್ವಾದಾನೂ ಬರೆದಿಲ್ಲ. ನಾನು ಮಾಡ್ತೀನಿ, ತಗೋ. ಆದ್ರೆ ಒಂದು ಮಾತು. ಟೈಲ್ಸ್ ಬಂದ ದಿನ ಅದನ್ನ ಮುರೀಲಿಲ್ಲ. ವಾರ ಪೂರ್ತಿ ರೇಡಿಯೋ ಮೇಲೆ ನಿಲ್ಲಿಸಿಟ್ಟಿದ್ದ. ಬಂದೋರಿಗೆಲ್ಲಾ ತೋರಿಸಿದ್ಮೇಲೇ ಮುರಿದಿದ್ದು.


ಬಾರ್ರಾ ದೊ ಸಿರಿ
ಮೇ 20, 1996

ಅಪ್ಪ, ಆಶೀರ್ವಾದ ಮಾಡಿ.

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಕಪ್ಪು ಹೃದಯ ಎಂದರೆ ಏನೆಂದು ನಿಮ್ಮ ಮಗಳಿಗೆ ಹೇಳಿಕೊಡಬೇಕೆ? ಆದರೆ ಮರುದಿನ ಬೆಳಗ್ಗೆ ಸಾಲಿನಿಂದ ಕೈಗೆ ಸಿಕ್ಕ ಟೈಲ್ಸ್‌ಗಳನ್ನು ಎತ್ತಿ ಮುರಿದೆ. ಎಲ್ಲದರಲ್ಲೂ ಇತ್ತು.

ಪ್ರೆಸ್ಸಿನ ಬಿಗಿ ಸಡಿಲಿಸಿದೆ. ಗೆರೆ ಹೋಯಿತು, ಆದರೆ ಹಸಿ ಟೈಲ್ಸ್‌ಗಳು ಲೇಪ ಹಾಕುವ ಸಾಲಿಗೆ ಹೋಗುವಷ್ಟರಲ್ಲೇ ಹಪ್ಪಳದಂತೆ ಮುರಿಯತೊಡಗಿದವು. ಎವಾಲ್ದೊ ಓಡಿ ಬಂದರು. "ಏನಮ್ಮಾ ಇದು, ನೆಲ ಪೂರ್ತಿ ಚೂರು! ಮೊದಲು ಹೇಗಿತ್ತೋ ಹಾಗೇ ಮಾಡು, ಒಳಗಡೆ ಯಾರು ನೋಡ್ತಾರೆ?" "ನಮ್ಮಪ್ಪ ನೋಡ್ತಾರೆ," ಎಂದುಬಿಟ್ಟೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಕೊನೆಗೆ ಪುಡಿಯ ತೇವವನ್ನು ಒಂದಿಷ್ಟು ಹೆಚ್ಚಿಸಿ, ಬಿಗಿಯನ್ನು ನಡುವೆ ನಿಲ್ಲಿಸಿದೆ. ಭಟ್ಟಿಯ ಮೊದಲ ಭಾಗದಲ್ಲಿ ಶಾಖ ತಗ್ಗಿಸಿ ಗಾಳಿ ಹೆಚ್ಚು ಬಿಟ್ಟೆ. ಈಗ ಹಸಿ ಟೈಲ್ಸ್ ಮುರಿಯುವುದಿಲ್ಲ, ಬೆಂದದ್ದರಲ್ಲಿ ಗೆರೆಯಿಲ್ಲ. ಇನ್ನೊಂದು ಕಳಿಸಿದ್ದೇನೆ. ಮುರಿಯಿರಿ.

ಒಂದು ಸುದ್ದಿ. ಊರಿಗೆ ಹೊಸ ಮೀನುಪೇಟೆ ಕಟ್ಟುತ್ತಿದ್ದಾರೆ, ಕಡಲ ದಂಡೆಯಲ್ಲೇ. ಅದರ ಗೋಡೆಗಳಿಗೆಲ್ಲ ನಮ್ಮ ಟೈಲ್ಸ್. ಮೊನ್ನೆ ಮೀನು ಮಾರುವ ಹೆಂಗಸರ ಮುಖ್ಯಸ್ಥೆ ದೋನಾ ರೈಲ್ದಾ ಕಾರ್ಖಾನೆಗೆ ಬಂದಿದ್ದರು. ದೊಡ್ಡ ಆಳು, ದೊಡ್ಡ ಗಂಟಲು. ಟೈಲ್ಸ್ ಮೇಲೆ ಉಗುರಿನಿಂದ ಕೆರೆದು ನೋಡಿ, "ನಮ್ಮಮ್ಮ ಮಣ್ಣಿನ ಮೇಲೆ ಕೂತು ಏಡಿ ಮಾರಿದ್ಲು, ನಾನು ಹಲಗೆ ಮೇಲೆ. ನನ್ನ ಮಗಳು ಬಿಳಿ ಗೋಡೆ ಮುಂದೆ ನಿಂತು ಮಾರ್ಬೇಕು. ಮೀನಿನ ರಕ್ತ ಸಿಡಿದ್ರೆ ಒಂದು ಚೊಂಬು ನೀರಿಗೆ ಹೋಗ್ಬೇಕು. ಆಗುತ್ತಾ, ಇಲ್ವಾ?" ಎಂದರು.

ಆಗುತ್ತದೆ ಎಂದು ಮಾತು ಕೊಟ್ಟಿದ್ದೇನೆ.

ಮರಿಲ್ದಾ


ಸಾಂತಾ ಜೆರ್ತ್ರೂದಿಸ್
ಜೂನ್ 25, 1996

ಮರಿಲ್ದಾ,

ಮುರಿದೆ. ಗೆರೆಯಿಲ್ಲ. ಒಳಗೆ ಒಂದೇ ಬಣ್ಣ. ಪ್ರೆಸ್ಸನ್ನೂ ಬೆಂಕಿಯನ್ನೂ ಒಟ್ಟಿಗೆ ತಿದ್ದುವುದು ಸುಲಭವಲ್ಲ. ನನಗೆ ಅದು ಕೈಗೆ ಹತ್ತಲು ಬಹಳ ಕಾಲ ಹಿಡಿದಿತ್ತು.

ಆದರೆ ನೀನು ಕಡಲ ದಂಡೆ ಎಂದು ಬರೆದದ್ದರಿಂದ ಇನ್ನೊಂದು ಕೆಲಸ ಮಾಡಿದೆ. ಮುರಿದ ಅಂಚಿಗೆ ನಾಲಿಗೆ ತಾಗಿಸಿದೆ, ಅಂಟಿಕೊಂಡಿತು. ಅಂದರೆ ನೀರು ಕುಡಿಯುತ್ತದೆ. ಗೋಡೆಯ ಟೈಲ್ಸ್ ಸ್ವಲ್ಪ ಕುಡಿದರೆ ತಪ್ಪಿಲ್ಲ. ಕುಡಿದ ಮೇಲೆ ಏನಾಗುತ್ತದೆ ಎಂಬುದು ಮುಖ್ಯ. ಆದ್ದರಿಂದ ಅರ್ಧ ಟೈಲ್ಸನ್ನು ಕುಕ್ಕರಿನಲ್ಲಿಟ್ಟು ಮತ್ತೆ ಮತ್ತೆ ಬೇಯಿಸಿದೆ, ಆರಿಸಿದೆ, ಮೇಲೆ ನೀಲಿ ಶಾಯಿ ಒರೆಸಿದೆ. ಗಾಜಿನ ತುಂಬ ಕೂದಲೆಳೆಯಂಥ ಬಿರುಕು ಎದ್ದು ಕಂಡಿತು.

ಅರೆಬೆಂದ ಮಣ್ಣು ಒಳಗೆ ಹೋದ ತೇವವನ್ನು ಬಿಡುವುದಿಲ್ಲ. ತಿಂಗಳುಗಟ್ಟಲೆ, ಕಣ್ಣಿಗೆ ಕಾಣದಷ್ಟು, ಹಿಗ್ಗುತ್ತಲೇ ಇರುತ್ತದೆ. ಮೇಲಿನ ಗಾಜು ಹಿಗ್ಗಲಾರದು, ಬಿರಿಯುತ್ತದೆ. ಕುಕ್ಕರು ಒಂದು ಮಧ್ಯಾಹ್ನದಲ್ಲಿ ಮಾಡಿದ್ದನ್ನು ನಿನ್ನ ಊರಿನ ಗಾಳಿ ಒಂದೆರಡು ವರ್ಷದಲ್ಲಿ ಮಾಡುತ್ತದೆ. ಆ ಬಿರುಕುಗಳಿಗೆ ಮೀನಿನ ರಕ್ತ ಇಳಿದರೆ ಎಷ್ಟು ಚೊಂಬು ನೀರು ಹಾಕಿದರೂ ಬರುವುದಿಲ್ಲ. ನಾರುತ್ತದೆ. ಆಮೇಲೆ ಗೋಡೆಯಿಂದ ಟೈಲ್ಸ್‌ಗಳು ಹೊಟ್ಟೆ ಉಬ್ಬಿಸಿಕೊಂಡು ಏಳುತ್ತವೆ.

ಇನ್ನೂ ಬೇಯಿಸಬೇಕು. ಮಾತು ಕೊಟ್ಟಿದ್ದೀಯ.

ಅಪ್ಪ

ಪುಟ್ಟೀ, ಸಂತ ಜೋವಾನನ ಹಬ್ಬಕ್ಕೆ ಮನೇಲಿ ಹುರುಳಿ ಬೇಯ್ಸೋಕೆ ಕುಕ್ಕರ್ ಇರ್ಲಿಲ್ಲ. ಅದರಲ್ಲಿ ಟೈಲ್ಸ್ ಬೇಯ್ತಿತ್ತು! "ನೀನು ತಿಂತೀಯೇನೋ ಅದನ್ನ?" ಅಂದ್ರೆ, "ಸುಮ್ನಿರು ಅಕ್ಕ, ಇದು ಮರಿಲ್ದಾಳ ಕೆಲಸ," ಅಂತಾನೆ. ಅರವತ್ತಾಯ್ತು, ಒಂದು ಮೊಟ್ಟೆ ಬೇಯ್ಸಿದೋನಲ್ಲ. ಈ ಸಲ ಸಹಿ ನೋಡಿದ್ಯಾ?


ಬಾರ್ರಾ ದೊ ಸಿರಿ
ಆಗಸ್ಟ್ 18, 1996

ಅಪ್ಪ, ಆಶೀರ್ವಾದ ಮಾಡಿ.

ಸಹಿ ನೋಡಿದೆ.

ಇನ್ನೂ ಬೇಯಿಸು ಎಂದಿರಿ. ಬೇಯಿಸಿದೆ. ನಿಮ್ಮ ಮಣ್ಣು ಶಾಖಕ್ಕೆ ಮೆಲ್ಲಗೆ ಮಣಿಯುತ್ತದೆ. ಇಲ್ಲಿಯ ಮಣ್ಣು ಬೇರೆ: ಒಂದು ಹಂತದವರೆಗೆ ಕಲ್ಲಿನಂತೆ ನಿಂತು, ಅಲ್ಲಿಂದ ಇಷ್ಟು ದಾಟಿದರೂ ಒಮ್ಮೆಲೇ ಮೆತ್ತಗಾಗುತ್ತದೆ. ಉರುಳೆಗಳಿಂದ ಹೊರಬಂದವು ಹೆಂಚಿನಂತೆ ಬಾಗಿದ್ದವು. ಒಂದೊಂದು ಒಂದೊಂದು ಅಳತೆಗೆ ಕುಗ್ಗಿದ್ದವು. ಎವಾಲ್ದೊ ಒಂದನ್ನು ಮೇಜಿನ ಮೇಲಿಟ್ಟು ತೊಟ್ಟಿಲಿನಂತೆ ತೂಗಿದರು. ಬೈದಿದ್ದರೆ ಚೆನ್ನಾಗಿತ್ತು.

ಶಾಖದಿಂದ ಆಗದಿದ್ದರೆ ಮಣ್ಣಿನಿಂದಲೇ ಆಗಬೇಕು. ಗೋಡೆಯ ಟೈಲ್ಸ್‌ಗೆ ಸುಣ್ಣದಕಲ್ಲಿನ ಪುಡಿ ಬೆರೆಸುತ್ತಾರೆ. ಬೆಂಕಿಯಲ್ಲಿ ಅದು ಮಣ್ಣಿನ ಜೊತೆ ಕೂಡಿ ಗಟ್ಟಿ ಹರಳಾಗುತ್ತದೆ, ಹರಳಾದದ್ದು ಆಮೇಲೆ ತೇವಕ್ಕೆ ಹಿಗ್ಗುವುದಿಲ್ಲ. ಆದರೆ ಈ ಕಡೆ ಸುಣ್ಣದಕಲ್ಲು ಇಲ್ಲ. ದೂರದಿಂದ ತರಿಸಲು ಯಜಮಾನರು ಒಪ್ಪಲಿಲ್ಲ.

ಆ ಸಂಜೆ ರೈಲ್ದಾ ಅವರ ಮನೆಗೆ ಹೋಗಿ, ಗೋಡೆ ಆಗುವುದು ಅನುಮಾನ ಎಂದು ಹೇಳಿಬಿಡೋಣ ಎಂದುಕೊಂಡೆ. ಅವರು ಹಿತ್ತಲಲ್ಲಿ ಕೂತು ಚಿಪ್ಪಿನಿಂದ ಮಾಂಸ ಬಿಡಿಸುತ್ತಿದ್ದರು. ಬೆನ್ನ ಹಿಂದೆ ಖಾಲಿ ಚಿಪ್ಪುಗಳ ರಾಶಿ ಸೂರಿನವರೆಗೂ ಬಂದಿತ್ತು. ಊರಿನಲ್ಲಿ ಪ್ರತಿ ಮನೆಯ ಹಿಂದೆಯೂ ಅಂಥ ರಾಶಿಯಿದೆ. ನಾನು ಹೇಳಲು ಬಂದದ್ದು ಮರೆತುಹೋಯಿತು.

"ದೋನಾ ರೈಲ್ದಾ, ಇದನ್ನೆಲ್ಲಾ ಏನ್ಮಾಡ್ತೀರಿ?"

"ಏನ್ಮಾಡೋದು, ಇಲಿ ಸಾಕ್ತೀವಿ."

"ನನಗೆ ಕೊಡಿ."

"ತಲೆ ನೆಟ್ಟಗಿದೆಯೇನೇ ಹುಡುಗೀ? ಬಿಸಿಲು ಹತ್ತಿತಾ?"

"ಇದು ಸುಣ್ಣ ದೋನಾ ರೈಲ್ದಾ. ನಿಮ್ಮ ಗೋಡೆ ಇಲ್ಲೇ ಬಿದ್ದಿದೆ."

ಅವರು ಚಾಕು ಕೆಳಗಿಟ್ಟು, ರಾಶಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಮರುದಿನ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸರ ಸಾಲು ಕಾರ್ಖಾನೆಯ ಗೇಟಿಗೆ ಬಂತು. ಕಾವಲುಗಾರ ಮುಷ್ಕರ ಎಂದುಕೊಂಡು ಗೇಟು ಹಾಕಿಬಿಟ್ಟ!

ಪುಡಿ ಮಾಡಿ ಬೆರೆಸಿ ಬೇಯಿಸಿದೆ. ಟೈಲ್ಸ್ ಬಾಗಲಿಲ್ಲ, ಕುಗ್ಗಲಿಲ್ಲ. ಕುಣಿಯುವಷ್ಟು ಸಂತೋಷವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ ಒಂದೊಂದೇ ಟೈಲ್ಸ್‌ನ ಮೇಲ್ಮೈ ಚಟ್ ಎಂದು ಸಿಡಿದು ಗುಳಿ ಬಿತ್ತು. ಗುಳಿಯ ತಳದಲ್ಲಿ ಬಿಳಿ ಕಾಳು. ಕೆಲವುಗಳ ಅಂಚಿನಲ್ಲಿ ಉಪ್ಪಿನಂಥ ಬೂಷ್ಟು. ಕಾರ್ಖಾನೆಯಲ್ಲಿ ಈಗ ನನ್ನ ಹೆಸರು ಚಿಪ್ಪಕ್ಕ.

ಮುರಿದ ಚೂರು ಕಳಿಸಿದ್ದೇನೆ. ಈ ಸಲ ನಿಮ್ಮ ಅಭಿಪ್ರಾಯ ಬೇಕು.

ಮರಿಲ್ದಾ


ಸಾಂತಾ ಜೆರ್ತ್ರೂದಿಸ್
ಸೆಪ್ಟೆಂಬರ್ 15, 1996

ಮಗಳೇ,

ದೇವರು ನಿನಗೆ ಒಳ್ಳೆಯದು ಮಾಡಲಿ.

ಚೂರಿನ ಬಣ್ಣ ನೋಡಿ ಬಹಳ ಹೊತ್ತು ಕೂತಿದ್ದೆ. ಕೆಂಪು ಮಣ್ಣು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆ. ಅಂದರೆ ಚಿಪ್ಪು ಮಣ್ಣಿನೊಳಗೆ ಕೂಡಿಕೊಂಡಿದೆ. ನೀನು ಹಿಡಿದ ದಾರಿ ಸರಿ. ಇಷ್ಟು ವರ್ಷದಲ್ಲಿ ನನಗೆ ಚಿಪ್ಪಿನ ಯೋಚನೆ ಬಂದಿರಲಿಲ್ಲ. ಇಲ್ಲಿ ಸಮುದ್ರವಿಲ್ಲ ಎಂದು ಹೇಳಬಹುದು. ಇದ್ದಿದ್ದರೂ ಬರುತ್ತಿರಲಿಲ್ಲ ಎಂದು ಕಾಣುತ್ತದೆ.

ಗುಳಿಯಲ್ಲಿರುವ ಕಾಳು ದಪ್ಪ ಉಳಿದ ಚಿಪ್ಪು. ಅದು ಮಣ್ಣಿನ ಜೊತೆ ಕೂಡದೆ ಬೆಂದ ಸುಣ್ಣವಾಗಿ ಒಳಗೆ ಕೂತು, ತೇವ ತಾಗಿದಾಗ ಅರಳಿ ಸಿಡಿಯುತ್ತದೆ. ಚಿಪ್ಪಿನ ಪುಡಿಯನ್ನು ಬೆರಳುಗಳ ನಡುವೆ ಉಜ್ಜಿದರೆ ಮರಗೆಣಸಿನ ಸಣ್ಣ ಹಿಟ್ಟಿನಂತೆ ಜಾರಬೇಕು, ಒಂದು ಹರಳೂ ತಾಗಬಾರದು. ಬೂಷ್ಟು ಕಡಲಿನ ಉಪ್ಪು. ಪುಡಿ ಮಾಡುವ ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು, ನೀರು ಬದಲಿಸಿ ಮತ್ತೆ ತೊಳೆಯಬೇಕು. ಮಳೆಗೆ ಹರಡಿದರೂ ಆದೀತು.

ಇನ್ನೊಂದು. ಚಿಪ್ಪು ಬೇಯುವಾಗ ಗಾಳಿ ಬಿಡುತ್ತದೆ. ಮೇಲಿನ ಗಾಜು ಕರಗಿ ಮುಚ್ಚಿಕೊಳ್ಳುವ ಮೊದಲೇ ಆ ಗಾಳಿ ಹೊರಟು ಹೋಗಬೇಕು. ಇಲ್ಲದಿದ್ದರೆ ಗಾಜಿನಲ್ಲಿ ಸೂಜಿಯ ತೂತು ಬೀಳುತ್ತದೆ. ಆ ಜಾಗದಲ್ಲಿ ಉರುಳೆಗಳನ್ನು ನಿಧಾನ ಮಾಡು. ಇದೆಲ್ಲ ನಿನಗೆ ಗೊತ್ತಿರುತ್ತದೆ. ಆದರೂ ಬರೆದೆ.

ಅಪ್ಪ

ಅತ್ತೆ ಬರೀತಿರೋದು. ಉರುಳೆ ಭಟ್ಟಿ ವಿಷಯ ನಿಮ್ಮಪ್ಪನಿಗೆ ಹೇಗೆ ಗೊತ್ತಾಯ್ತು ಅಂತ ಕೇಳು! ರಸ್ತೆ ಆಚೆ ಹೊಸ ಕಾರ್ಖಾನೆ ಇದೆಯಲ್ಲ, ಅದರ ಬಾಗಿಲು ತುಳಿಯಲ್ಲ ಅಂತ ಆಣೆ ಹಾಕಿದ್ದ. ಹೋದ ವಾರ ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು, "ಸ್ವಲ್ಪ ಗಾಳಿಗೆ ಹೋಗ್ಬರ್ತೀನಿ," ಅಂತ ಹೊರಟ. ಮಧ್ಯಾಹ್ನ ಪೂರ್ತಿ ಅಲ್ಲೇ ನಿಂತು, ಆ ಹುಡುಗರನ್ನ ಕೇಳೀ ಕೇಳೀ ತಲೆ ತಿಂದನಂತೆ. ಅವರು, "ಮೇಸ್ತ್ರಿ, ಕೆಲಸಕ್ಕೆ ಸೇರ್ತೀರಾ?" ಅಂದ್ರಂತೆ. "ನನ್ನ ಮಗಳು ಬಯಿಯಾದಲ್ಲಿ ಇಂಥದ್ದೇ ನಡೆಸ್ತಾಳೆ, ಅದಕ್ಕೆ ಕೇಳ್ದೆ," ಅಂದನಂತೆ. ಬೇಕರಿಯವಳು ನನಗೆ ಹೇಳಿದ್ಲು. ನಾನು ಹೇಳ್ದೆ ಅಂತ ಅನ್ಬೇಡ.


ಸಾಂತಾ ಜೆರ್ತ್ರೂದಿಸ್
ಫೆಬ್ರವರಿ 8, 1997

ಮರಿಲ್ದಾ ಪುಟ್ಟೀ,

ಕ್ರಿಸ್ಮಸ್ಸಿಗೆ ಒಂದು ಕಾರ್ಡು ಬಂತು, "ಟೈಲ್ಸ್ ಚೆನ್ನಾಗಿ ಬರ್ತಿದೆ, ಕುಕ್ಕರಿನಲ್ಲೂ ಬಿರೀಲಿಲ್ಲ" ಅಂತ. ಆಮೇಲೆ ಒಂದು ಅಕ್ಷರ ಇಲ್ಲ. ಕಡಲ ದೇವಿ ಇಮಾಂಜಾ ತಾಯಿ ಹಬ್ಬಕ್ಕೆ ಮೀನುಪೇಟೆ ಶುರು ಅಂತ ನೀನೇ ಬರೆದಿದ್ದೆ. ಆ ಹಬ್ಬ ಕಳೆದು ವಾರ ಆಯ್ತು. ನಿಮ್ಮಪ್ಪ ದಿನಾ ಅಂಚೆಯವನಿಗಿಂತ ಮುಂಚೆ ಗೇಟಿಗೆ ಹೋಗಿ, "ಗಿಡಕ್ಕೆ ನೀರು ಹಾಕ್ತಿದೀನಿ," ಅಂತಾನೆ. ಗಿಡ ಕೊಳೆತು ಹೋಯ್ತು. ನೀನು ಹುಷಾರಾಗಿದೀಯಾ? ಟೈಲ್ಸ್ ಹಾಳಾಗಿ ಹೋಗ್ಲಿ, ನೀನು ಹೇಗಿದೀಯ ಅಂತ ಒಂದು ಸಾಲು ಬರಿ.

ಅತ್ತೆ, ಜುಲ್ಮಿರಾ


ಬಾರ್ರಾ ದೊ ಸಿರಿ
ಫೆಬ್ರವರಿ 23, 1997

ಅಪ್ಪ, ಅತ್ತೆ, ಇಬ್ಬರೂ ಆಶೀರ್ವಾದ ಮಾಡಿ.

ಈಗ ಹುಷಾರಾಗಿದ್ದೇನೆ. ಜನವರಿಯಲ್ಲಿ ಡೆಂಗಿ ಜ್ವರ ಬಂದು ಮಲಗಿದ್ದೆ. ರೈಲ್ದಾ ಅವರೇ ಮೀನಿನ ಸಾರು ತಂದು ಕುಡಿಸಿ ಎಬ್ಬಿಸಿದರು. ಬರೆಯದೆ ಇದ್ದದ್ದಕ್ಕೆ ಜ್ವರವೊಂದೇ ಕಾರಣವಲ್ಲ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದೆ ಏನು ಬರೆಯುವುದು ಎಂದು ಸುಮ್ಮನಿದ್ದೆ.

ನಾನು ಹಾಸಿಗೆ ಹಿಡಿದಾಗ ಗೋಡೆಯ ಅರ್ಧ ಟೈಲ್ಸ್ ತಯಾರಾಗಿತ್ತು. ಹೆಂಗಸರೇ ಚಿಪ್ಪು ತೊಳೆದು ಮಳೆಗೆ ಹರಡಿ ಒಣಗಿಸಿ ಕೊಟ್ಟಿದ್ದರು. ಹಬ್ಬದ ದಿನ ಪೇಟೆ ತೆರೆಯಲೇಬೇಕೆಂದು ಮೇಯರ್ ಕಡೆಯಿಂದ ಒತ್ತಾಯ ಬಂತು. ಎವಾಲ್ದೊ ನನ್ನನ್ನು ಕೇಳದೆ ಉರುಳೆಗಳ ವೇಗ ಏರಿಸಿಬಿಟ್ಟರು. ನಾನು ಎದ್ದು ಬರುವಷ್ಟರಲ್ಲಿ ಉಳಿದ ಅರ್ಧವೂ ಪೆಟ್ಟಿಗೆಗಳಲ್ಲಿ ತಯಾರು.

ಒಂದನ್ನು ಎತ್ತಿ ಬೆರಳಿನಿಂದ ತಟ್ಟಿದೆ. ಸದ್ದು ಮಂಕಾಗಿತ್ತು. ಬೆಳಕಿಗೆ ಹಿಡಿದರೆ ಸೂಜಿಯ ತೂತು.

"ಇದು ಗೋಡೆಗೆ ಹೋಗಲ್ಲ," ಎಂದೆ.

"ಮರಿಲ್ದಾ, ಬಾಗಿಲ್ಲ, ಒಡೆದಿಲ್ಲ, ಬೆಳ್ಳಗಿದೆ. ಒಂದು ಗಜ ದೂರ ನಿಂತ್ರೆ ಆ ತೂತು ಯಾರಿಗೆ ಕಾಣುತ್ತೆ?"

"ಮೀನು ಮಾರೋರು ಒಂದು ಗಜ ದೂರ ನಿಲ್ಲಲ್ಲ ಯಜಮಾನ್ರೇ."

"ನಾಳೆ ಲಾರಿ ಬರುತ್ತೆ. ಇಷ್ಟ ಇಲ್ಲದಿದ್ರೆ ನೀನು ಮನೇಲಿರು."

ನಾನು ಎರಡು ಟೈಲ್ಸ್ ಚೀಲಕ್ಕೆ ಹಾಕಿಕೊಂಡು ರೈಲ್ದಾ ಅವರ ಮನೆಗೆ ಹೊರಟೆ, ಒಂದು ನಿಧಾನದ್ದು, ಒಂದು ಅವಸರದ್ದು. ಮರುದಿನ ಬೆಳಗ್ಗೆ ಹೊಸ ಪೇಟೆಯ ಅಂಗಳದಲ್ಲಿ ರೈಲ್ದಾ ಒಲೆ ಹೂಡಿದರು. ಊರಿನ ಅತಿ ದೊಡ್ಡ ಕುಕ್ಕರು ಅವರದ್ದೇ. ಹೆಂಗಸರು ಮೀನಿನ ಬುಟ್ಟಿಗಳನ್ನು ನೆರಳಿಗಿಟ್ಟು ಸುತ್ತ ಕೂತರು. ಲಾರಿ ಬಂತು, ಹಿಂದೆಯೇ ಎವಾಲ್ದೊ. ಕುಕ್ಕರು ಸುಯ್ಯೆನ್ನುತ್ತಲೇ ಇತ್ತು.

"ಏನಿದು, ಹುರುಳಿ ಹಾಕಿ ಫೆಜ್ವಾದಾ ಮಾಡ್ತಿದೀರಾ?"

"ಕೂತ್ಕೊಳ್ಳಿ," ಎಂದರು ರೈಲ್ದಾ. "ನಿಮ್ಮ ಟೈಲ್ಸು ಬೇಯ್ತಿದೆ. ತಿಂದೇ ಹೋಗ್ಬೇಕು."

ಎರಡನ್ನೂ ಬೇಯಿಸಿ, ಆರಿಸಿ, ಮತ್ತೆ ಬೇಯಿಸಿದೆವು. ಬಿಸಿಲು ನೆತ್ತಿಗೆ ಬಂದಾಗ ಒರೆಸಿ ಶಾಯಿ ಹಚ್ಚಿದೆ. ನಿಧಾನವಾಗಿ ಬೆಂದದ್ದರ ಮೇಲೆ ಶಾಯಿ ನಿಲ್ಲಲಿಲ್ಲ, ಬಟ್ಟೆಗೆ ಬಂದುಬಿಟ್ಟಿತು. ಅವಸರದ್ದು ನೀಲಿ ಜೇಡರ ಬಲೆಯಾಯಿತು. ರೈಲ್ದಾ ಅದನ್ನು ಎತ್ತಿ ಎವಾಲ್ದೊ ಅವರ ಕೈಗೆ ಕೊಟ್ಟರು.

"ನೀವು ಒಂದಿನ ಬಂದು ರಿಬ್ಬನ್ ಕತ್ತರಿಸಿ ಹೋಗ್ತೀರಿ. ಈ ಗೋಡೆ ಮುಂದೆ ಜೀವಮಾನ ಪೂರ್ತಿ ನಿಲ್ಲೋರು ನಾವು. ಇಮಾಂಜಾ ತಾಯಿ ನಮ್ಮೋಳು, ನಾವು ಮಾತಾಡ್ಕೋತೀವಿ. ಪವಿತ್ರ ವಾರದಲ್ಲಿ ಊರೆಲ್ಲಾ ಮೀನು ಕೇಳುತ್ತೆ. ಅಷ್ಟರಲ್ಲಿ ತೆರೆದ್ರೆ ಸಾಕು. ಈ ಹುಡುಗಿ ಬೇಯ್ಸಿದ್ದೇ ಬೇಕು."

ಎವಾಲ್ದೊ ಟೈಲ್ಸನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರು ಕೆಟ್ಟವರಲ್ಲ ಅಪ್ಪ, ಅವಸರದವರು. ಕೊನೆಗೆ ಲಾರಿಯವನಿಗೆ ವಾಪಸ್ ಹೋಗು ಎಂದರು. ನನ್ನ ಕಡೆ ನೋಡದೆ, "ಎಷ್ಟು ನಿಧಾನ ಬೇಕೋ ಅಷ್ಟು ಮಾಡು. ಇನ್ನು ನಾನು ಆ ವೇಗದ ಗುಂಡಿ ಮುಟ್ಟಲ್ಲ," ಎಂದರು. ಅವಸರದ ಟೈಲ್ಸ್‌ಗಳನ್ನೆಲ್ಲ ಜಜ್ಜಿ ಪೇಟೆಯ ಅಂಗಳದ ಕೆಳಗೆ ತುಂಬಿಸಿದೆವು.

ಪವಿತ್ರ ಬುಧವಾರ ಪೇಟೆ ತೆರೆಯುತ್ತದೆ. ಬಸ್ಸಿನಲ್ಲಿ ಎರಡು ದಿನದ ದಾರಿ, ನಿಮ್ಮ ಮೊಣಕಾಲಿಗೆ ಕಷ್ಟ. ಬನ್ನಿ ಎಂದು ಕರೆಯುತ್ತಿಲ್ಲ. ದಿನ ತಿಳಿಸಿದ್ದೇನೆ, ಅಷ್ಟೆ.

ಮರಿಲ್ದಾ


ಬಾರ್ರಾ ದೊ ಸಿರಿ
ಮಾರ್ಚ್ 29, 1997

ಜುಲ್ಮಿರಾ ಅಕ್ಕ,

ಸುಖವಾಗಿ ತಲುಪಿದ್ದೇನೆ. ಮೊಣಕಾಲು ಊದಿದೆ. ಸಮುದ್ರ ನೋಡಿದೆ, ದೊಡ್ಡದಾಗಿದೆ.

ಬುಧವಾರ ಬಸ್ಸು ನಿಂತಲ್ಲಿ ಮರಿಲ್ದಾ ಇರಲಿಲ್ಲ, ನಾನು ಬರುವುದು ಅವಳಿಗೆ ಗೊತ್ತಿರಲಿಲ್ಲವಲ್ಲ. ಜನ ಹೋಗುತ್ತಿದ್ದ ಕಡೆಗೇ ನಡೆದೆ. ಪೇಟೆಯ ಬಾಗಿಲಲ್ಲಿ ಮೇಯರ್ ಭಾಷಣ ಮಾಡುತ್ತಿದ್ದರು, ಎಲ್ಲವನ್ನೂ ತಾವೇ ಕಟ್ಟಿದ ಹಾಗೆ. ನಾನು ಹಿಂದಿನಿಂದ ಒಳಗೆ ಹೋಗಿ ಗೋಡೆಯ ಹತ್ತಿರ ನಿಂತೆ.

ಅಕ್ಕ, ಆ ಗೋಡೆಯನ್ನು ನಿನಗೆ ಹೇಗೆ ಹೇಳಲಿ? ಆ ತುದಿಯಿಂದ ಈ ತುದಿಗೆ ಒಂದೇ ಬಿಳುಪು. ಸಂದುಗಳು ದಾರ ಹಿಡಿದ ಹಾಗೆ. ಬೆರಳ ಗೆಣ್ಣಿನಿಂದ ಒಂದನ್ನು ತಟ್ಟಿದೆ, ಪಕ್ಕದ್ದನ್ನು ತಟ್ಟಿದೆ. ತಟ್ಟುತ್ತ ತಟ್ಟುತ್ತ ಗೋಡೆಯ ಉದ್ದಕ್ಕೂ ನಡೆದೆ. ಒಂದೂ ಮಂಕು ಸದ್ದು ಕೊಡಲಿಲ್ಲ. ಹಿಂತಿರುಗಿ ನೋಡಿದರೆ ಮೀನಿನ ಹೆಂಗಸರೆಲ್ಲ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ದಪ್ಪಗಿನ ಒಬ್ಬಾಕೆ ಹತ್ತಿರ ಬಂದು, "ಗೋಡೆ ತಟ್ಟಿ ನೋಡೋ ಹುಚ್ಚ ಈ ಲೋಕದಲ್ಲಿ ಒಬ್ಬನೇ ಇರೋದು. ನೀವು ಮರಿಲ್ದಾ ಅಪ್ಪ ತಾನೇ?" ಎಂದಳು. ತಲೆಯಾಡಿಸಿದೆ. "ಯಾಕೆ, ಕಣ್ಣಲ್ಲಿ ನೀರು?" ಎಂದಳು. "ಈರುಳ್ಳಿ ಹೆಚ್ತಿದೀರಲ್ಲ," ಎಂದೆ. "ಇದು ಮೀನುಪೇಟೆ ಸ್ವಾಮೀ, ಇಲ್ಲಿ ಈರುಳ್ಳಿ ಎಲ್ಲಿದೆ?" ಎಂದು ಗೋಡೆ ಅದುರುವ ಹಾಗೆ ನಕ್ಕಳು. ಆ ನಗುವಿಗೆ ಮರಿಲ್ದಾ ತಿರುಗಿ ನೋಡಿದಳು.

ಅವಳು ಬಂದು ನನ್ನ ಚೀಲ ತೆಗೆದುಕೊಂಡಳು. ಸೊರಗಿದ್ದಾಳೆ, ಆದರೆ ಕಣ್ಣು ಚುರುಕಾಗಿದೆ. ನೀನು ಕಳಿಸಿದ ಜೋಳದ ಕೇಕನ್ನು ಅಲ್ಲೇ ನಿಂತು ತಿಂದಳು.

ಈಗ ನಾನು ಹೇಳಬೇಕೆಂದಿರುವ ಮಾತು. ನಿನ್ನೆ ಶುಭ ಶುಕ್ರವಾರವಾದ್ದರಿಂದ ಊರೆಲ್ಲ ಮುಚ್ಚಿತ್ತು, ಆದರೆ ಭಟ್ಟಿ ಆರಿಸುವ ಹಾಗಿಲ್ಲವಲ್ಲ. ಬೆಳಗ್ಗೆ ಅವಳ ಜೊತೆ ಹೋದೆ. ಕೆಲಸದವರು ನನಗೆ ದಾರಿ ಬಿಟ್ಟರು, ಒಬ್ಬ ಕುರ್ಚಿ ತಂದ. ನಾನು ಕೂರಲಿಲ್ಲ. ಭಟ್ಟಿಯ ಪಕ್ಕದ ಕಿಂಡಿಯಲ್ಲಿ ಜ್ವಾಲೆ ನೋಡಿದೆ, ಹಳದಿ ಸ್ವಲ್ಪ ಜಾಸ್ತಿ, ಗಾಳಿ ಸಾಲದು ಅನ್ನಿಸಿತು. ಜೀವಮಾನದ ರೂಢಿ, ಕೈ ತಾನಾಗಿ ಗಾಳಿ ಬಿಡುವ ತಿರುಪಿನ ಕಡೆ ಹೋಯಿತು.

"ಅಪ್ಪ," ಎಂದಳು ಅವಳು. ಜೋರಾಗಿ ಅಲ್ಲ. ಆದರೆ ಎಲ್ಲರಿಗೂ ಕೇಳಿಸಿತು. "ಇಲ್ಲಿ ನನ್ನ ಕೇಳದೆ ಯಾರೂ ಅದನ್ನ ಮುಟ್ಟೋ ಹಾಗಿಲ್ಲ."

ಕೆಲಸದವರು ನೆಲ ನೋಡಿದರು. ನನ್ನ ಅಪ್ಪ ಹಾಗೆಂದಿದ್ದರೆ ನಾನು ತಲೆ ಬಗ್ಗಿಸುತ್ತಿದ್ದೆ. ಬೇರೆ ಯಾರೇ ಅಂದಿದ್ದರೂ ಟೋಪಿ ಎತ್ತಿಕೊಂಡು ಹೊರಟುಬಿಡುತ್ತಿದ್ದೆ, ನಿನಗೆ ಗೊತ್ತಲ್ಲ. ಅಕ್ಕ, ನನ್ನ ಎದೆಯಲ್ಲಿ ಏನಾಯಿತೋ ಹೇಳಲಾರೆ. ಬೆಂಕಿಯ ಮುಂದೆ ಹೀಗೆ ನಿಲ್ಲುವವರು ಬೇಕೆಂದು ಎಷ್ಟೋ ವರ್ಷ ಎಷ್ಟೋ ಹುಡುಗರನ್ನು ಪಳಗಿಸಿದೆ. ಒಬ್ಬನಾದರೂ ನನ್ನ ಕೈಯನ್ನು ತಡೆಯುವ ಧೈರ್ಯ ಮಾಡಿರಲಿಲ್ಲ.

ಕೈ ಹಿಂದೆ ತೆಗೆದುಕೊಂಡೆ. ಟೋಪಿ ತೆಗೆದು ಕಂಕುಳಲ್ಲಿಟ್ಟೆ.

"ತಪ್ಪಾಯ್ತು ಮೇಸ್ತ್ರಿ," ಎಂದೆ. "ಜ್ವಾಲೆ ಸ್ವಲ್ಪ ಹಳದಿ ಅನ್ನಿಸ್ತು. ಮುಟ್ಲಾ?"

ಅವಳು ಬಂದು ನನ್ನ ಪಕ್ಕ ಬಗ್ಗಿ ಕಿಂಡಿಯಲ್ಲಿ ನೋಡಿದಳು. ಅವಸರ ಮಾಡಲಿಲ್ಲ. ನಾನು ಕಾಯುತ್ತ ನಿಂತೆ. ಆಮೇಲೆ ನೆಟ್ಟಗೆ ನಿಂತು, ನನ್ನ ಮುಖ ನೋಡಿ, "ಮುಟ್ಟಿ," ಎಂದಳು.

ನಿನ್ನ ತಮ್ಮ,
ಒಲಿಂಪಿಯೊ